ಹೊಸ ಲ್ಯಾಪ್‌ಟಾಪಲ್ಲಿ ಎಚ್‌ಡಿಎಂಐ ಮಾತ್ರ, ಶಾಲೆ ಪ್ರೊಜೆಕ್ಟರಲ್ಲಿ ವಿಜಿಎ, ಡಿವಿಡಿ ಪ್ಲೇಯರಿಗೆ ಹಳದಿ-ಕೆಂಪು-ಬಿಳಿ ವೈರು. ಹೇಗೆ ಜೋಡಿಸೋದು?

ವಿಜ್ಞಾನ_ಟೀಚರ್_ಹೊಸನಗರ:

ಎಲ್ರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ವಿಜ್ಞಾನ ಟೀಚರ್. ನಮ್ಮ ಹಾಲ್‌ನಲ್ಲಿ ಹಳೇ ವಿದ್ಯಾರ್ಥಿಗಳು ಸೇರಿ ಕೊಡ್ಸಿದ ಪ್ರೊಜೆಕ್ಟರ್ ಇದೆ, ಹನ್ನೆರಡು ವರ್ಷ ಆಗಿರ್ಬಹುದು, ಸೀಲಿಂಗಿಗೆ ಫಿಕ್ಸ್ ಮಾಡಿ ಅಲ್ಲಿಂದ ಗೋಡೆ ಪೈಪೊಳಗೆ ವಿಜಿಎ ಕೇಬಲ್ ಎಳ್ದು ಮುಂದಿನ ಟೇಬಲ್ ಹತ್ರ ಬಿಟ್ಟಿದಾರೆ. ಹಳೇ ಕಂಪ್ಯೂಟರ್ ಇದ್ದಾಗ ಏನೂ ತೊಂದ್ರೆ ಇರ್ಲಿಲ್ಲ, ನೀಲಿ ಪಿನ್ ಚುಚ್ಚಿ ಎರಡು ಸ್ಕ್ರೂ ತಿರುಗ್ಸಿದ್ರೆ ಚಿತ್ರ ಬರೋದು. ಈಗ ಅದು ಕೆಟ್ಟು ಹೊಸ ಲ್ಯಾಪ್‌ಟಾಪ್ ಬಂದಿದೆ, ಅದ್ರಲ್ಲಿ ವಿಜಿಎ ಇಲ್ವೇ ಇಲ್ಲ, ಒಂದು ಎಚ್‌ಡಿಎಂಐ ಒಂದು ಟೈಪ್-ಸಿ ಅಷ್ಟೇ.

ಪೇಟೆಗೆ ಹೋದಾಗ ಅಂಗಡೀಲಿ ಕೇಳಿ ಒಂದು ಕನ್ವರ್ಟರ್ ತಂದೆ. ಸಣ್ಣ ಕಪ್ಪು ಡಬ್ಬಿ, ಒಂದು ಕಡೆ ವಿಜಿಎ ಇನ್ನೊಂದು ಕಡೆ ಎಚ್‌ಡಿಎಂಐ, ಜೊತೆಗೊಂದು ಯುಎಸ್‌ಬಿ ಬಾಲ. ಎಲ್ಲಾ ಜೋಡಿಸಿದ್ರೂ ಪ್ರೊಜೆಕ್ಟರ್ ಮೇಲೆ ನೋ ಸಿಗ್ನಲ್ ಅಂತ ಬರುತ್ತೆ.

ಎರಡನೇದು ಡಿವಿಡಿ. 2009ರಲ್ಲಿ ನಮ್ಮೂರ ಹವ್ಯಾಸಿ ಮೇಳದವರು ಇದೇ ಶಾಲೆ ಸ್ಟೇಜ್ ಮೇಲೆ ಆಡಿದ ಯಕ್ಷಗಾನದ ರೆಕಾರ್ಡಿಂಗ್ ಒಂದು ಡಿಸ್ಕಲ್ಲಿದೆ. ಅದ್ರಲ್ಲಿ ವೇಷ ಮಾಡಿದ ಇಬ್ರು ಈಗಿಲ್ಲ, ಅವರ ಮೊಮ್ಮಕ್ಕಳು ನಮ್ಮಲ್ಲೇ 8ನೇ ಕ್ಲಾಸಲ್ಲಿದಾರೆ. ಶಾಲಾ ವಾರ್ಷಿಕೋತ್ಸವದ ದಿನ ಅದನ್ನ ದೊಡ್ಡದಾಗಿ ತೋರಿಸ್ಬೇಕು ಅಂತ ನನಗೆ ತುಂಬಾ ಆಸೆ. ಡಿವಿಡಿ ಪ್ಲೇಯರ್ ಇದೆ, ಅದರ ಹಳದಿ ಕೆಂಪು ಬಿಳಿ ವೈರನ್ನ ವಿಜಿಎಗೆ ಹಾಕೋ ಒಂದು ಕೇಬಲ್ಲೂ ತಂದೆ, ಅದ್ರಲ್ಲೂ ಏನೂ ಬರ್ಲಿಲ್ಲ. ಗೊತ್ತಿದ್ದೋರು ದಯವಿಟ್ಟು ಹೇಳಿ, ಇನ್ನು ಮೂರು ವಾರ ಇದೆ.

ಕೋಡ್‌ಮನೆ_ಬೆಂಗಳೂರು:

ಮೇಡಂ ಮೊದ್ಲು ವಿಂಡೋಸ್ ಬಟನ್ ಒತ್ತಿ ಹಿಡ್ಕೊಂಡು ಪಿ ಒತ್ತಿ, ನಾಲ್ಕು ಆಯ್ಕೆ ಬರುತ್ತೆ, ಡೂಪ್ಲಿಕೇಟ್ ಅಥವಾ ಎಕ್ಸ್‌ಟೆಂಡ್ ಮಾಡಿ ನೋಡಿ. ಪಿಸಿ ಸ್ಕ್ರೀನ್ ಓನ್ಲಿ ಅಂತಿದ್ರೆ ಕೇಬಲ್ ಎಷ್ಟೇ ಸರಿ ಇದ್ರೂ ಹೊರಗೆ ಏನೂ ಹೋಗಲ್ಲ.

ಅದಾಗ್ಲಿಲ್ಲ ಅಂದ್ರೆ ಆ ಡಬ್ಬಿ ಮೇಲೆ ಏನು ಬರೆದಿದೆ ಒಂದ್ಸಲ ಓದಿ ಹೇಳಿ, ವಿಜಿಎ ಟು ಎಚ್‌ಡಿಎಂಐ ಅಂತಾನಾ, ಎಚ್‌ಡಿಎಂಐ ಟು ವಿಜಿಎ ಅಂತಾನಾ? ನನಗೆ ಅಲ್ಲೇ ಡೌಟು.

ವಿಜ್ಞಾನ_ಟೀಚರ್_ಹೊಸನಗರ:

ಪಿ ಒತ್ತಿ ನಾಲ್ಕೂ ನೋಡ್ದೆ ಸರ್, ಇಲ್ಲ. ಡಬ್ಬಿ ಮೇಲೆ ವಿಜಿಎ ಟು ಎಚ್‌ಡಿಎಂಐ ಅಂತ ಇದೆ. ಎರಡೂ ಒಂದೇ ಅಲ್ವಾ, ತಿರುಗಿಸಿ ಹಾಕಿದ್ರೆ ಆಗಲ್ವಾ?

ಕರಾವಳಿ_ಸೌಂಡ್ಸ್_ಪುತ್ತೂರು:

ಮೇಡಂ, ನಾನು ಪುತ್ತೂರಿನಲ್ಲಿ ಮದುವೆ, ಸಭೆ, ಆಟ ಎಲ್ಲದಕ್ಕೂ ಪ್ರೊಜೆಕ್ಟರ್ ಮತ್ತೆ ಸೌಂಡ್ ಬಾಡಿಗೆಗೆ ಕೊಡುವವ. ನಿಮ್ಮ ಪ್ರಶ್ನೆ ನೋಡಿ ಸುಮ್ಮನೆ ಕೂರ್ಲಿಕ್ಕೆ ಆಗಲಿಲ್ಲ, ಯಾಕೆಂದ್ರೆ ಇದೇ ಡಬ್ಬಿ ಹಿಡ್ಕೊಂಡು ಪೂರ್ತಿ ಒಂದು ಸಂಜೆ ಒದ್ದಾಡಿದವರನ್ನು ನಾನು ತುಂಬ ಜನ ನೋಡಿದ್ದೇನೆ.

ತಿರುಗಿಸಿ ಹಾಕಿದ್ರೆ ಆಗುದಿಲ್ಲ. ವಿಜಿಎಯಲ್ಲಿ ಹೋಗುವುದು ಅನಲಾಗ್, ಅಂದ್ರೆ ಕೆಂಪು, ಹಸಿರು, ನೀಲಿ ಮೂರಕ್ಕೂ ಒಂದೊಂದು ತಂತಿಯಲ್ಲಿ ವೋಲ್ಟೇಜ್ ಏರಿ ಇಳಿದು ಹೋಗ್ತದೆ. ಎಚ್‌ಡಿಎಂಐ ಡಿಜಿಟಲ್, ಅದರಲ್ಲಿ ಬರೀ ಸೊನ್ನೆ ಒಂದು. ನಡುವಿನ ಡಬ್ಬಿಯೊಳಗೆ ಒಂದು ಚಿಪ್ ಕೂತು ಒಂದನ್ನು ಇನ್ನೊಂದಾಗಿ ಮಾಡಬೇಕು, ಆ ಚಿಪ್ ಒಂದೇ ದಿಕ್ಕಿಗೆ ಕೆಲಸ ಮಾಡುವುದು. ನಿಮ್ಮ ಕೈಯಲ್ಲಿ ಇರುವುದು ಹಳೇ ಕಂಪ್ಯೂಟರನ್ನು ಹೊಸ ಟಿವಿಗೆ ಜೋಡಿಸುವಂಥದ್ದು. ನಿಮಗೆ ಬೇಕಾದ್ದು ಉಲ್ಟಾ, ಹೊಸ ಲ್ಯಾಪ್‌ಟಾಪಿಂದ ಹಳೇ ಪ್ರೊಜೆಕ್ಟರಿಗೆ. ಅಂಗಡಿಯಲ್ಲಿ ಕೇಳುವಾಗ ಮೊದಲು ಹೊರಡುವ ಕಡೆ ಹೇಳಿ ಆಮೇಲೆ ಮುಟ್ಟುವ ಕಡೆ ಹೇಳಿ, ಎಚ್‌ಡಿಎಂಐ ಟು ವಿಜಿಎ ಅಂತ. ಅದು ಸಾಮಾನ್ಯ ಗೇಣುದ್ದದ ವೈರು, ಲ್ಯಾಪ್‌ಟಾಪ್ ಕಡೆ ಎಚ್‌ಡಿಎಂಐ ಮೇಲ್, ಆಚೆ ಕಡೆ ವಿಜಿಎ ಫೀಮೇಲ್, ನಿಮ್ಮ ಗೋಡೆಯಿಂದ ಬಂದ ಕೇಬಲ್ ಅದಕ್ಕೆ ಸೀದಾ ಕೂರ್ತದೆ. ಗೋಡೆ ಒಡೆಯುವ ಕೆಲಸ ಬೇಡ.

ತಗೊಳ್ಳುವಾಗ ಎರಡು ವಿಷಯ ನೋಡಿ. ಬದಿಯಲ್ಲಿ 3.5 ಎಂಎಂ ಆಡಿಯೋ ತೂತು ಇರಬೇಕು, ಯಾಕೆಂದ್ರೆ ವಿಜಿಎಯಲ್ಲಿ ಶಬ್ದ ಹೋಗುದೇ ಇಲ್ಲ, ಬರೀ ಚಿತ್ರ. ಇನ್ನೊಂದು, ಪವರಿಗೆ ಸಣ್ಣ ಯುಎಸ್‌ಬಿ ತೂತು ಇದ್ದರೆ ಒಳ್ಳೇದು. ಎಚ್‌ಡಿಎಂಐ ಪೋರ್ಟಿನಿಂದ 5 ವೋಲ್ಟ್ ಬರ್ತದೆ, ಆದ್ರೆ ನಿಯಮದ ಪ್ರಕಾರ ಕನಿಷ್ಠ 55 ಮಿಲಿಆಂಪ್ ಅಷ್ಟೇ ಗ್ಯಾರಂಟಿ, ಉದ್ದ ಕೇಬಲಿಗೆ ಚಿತ್ರ ತಳ್ಳುವಾಗ ಕೆಲವು ಚಿಪ್ಪಿಗೆ ಅದು ಸಾಲುದಿಲ್ಲ, ಚಿತ್ರ ಬಂದು ಬಂದು ಹೋಗ್ತದೆ. ಯುಎಸ್‌ಬಿ ಕೊಟ್ಟರೆ ಚಿತ್ರ ಗಟ್ಟಿಯಾಗಿ ನಿಲ್ತದೆ.

ಡಿವಿಡಿಯದ್ದು ಬೇರೆ ಕಥೆ, ಅದನ್ನು ಗೊತ್ತಿದ್ದವರು ಹೇಳಲಿ, ಇಲ್ಲದಿದ್ರೆ ನಾನೇ ನಾಳೆ ಬರೀತೇನೆ, ಈಗ ಒಂದು ಕಡೆ ಗಾಡಿ ಲೋಡ್ ಆಗ್ತಾ ಉಂಟು.

ಕೋಡ್‌ಮನೆ_ಬೆಂಗಳೂರು:

ಪುತ್ತೂರು ಅಣ್ಣ ಹೇಳಿದ್ದೇ ಸರಿ. ಹೊಸ ಲ್ಯಾಪ್‌ಟಾಪಲ್ಲಿ ವಿಜಿಎ ಯಾಕಿಲ್ಲ ಅಂದ್ರೆ ಅದು ಐಬಿಎಂ 1987ರಲ್ಲಿ ತಂದ ಪೋರ್ಟು, ಅಷ್ಟು ವರ್ಷ ನಡೀತು. 2010ರ ಕೊನೇಲಿ ಇಂಟೆಲ್ಲು ಎಎಂಡಿ ಎಲ್ಲಾ ಸೇರಿ 2015ರ ಹೊತ್ತಿಗೆ ಇದನ್ನ ನಿಲ್ಲಿಸ್ತೀವಿ ಅಂತ ಹೇಳಿದ್ರು, ಲ್ಯಾಪ್‌ಟಾಪಿಂದ ವಿಜಿಎ ಹೋಯ್ತು, ಆದ್ರೆ ಶಾಲೆ ಸೀಲಿಂಗಲ್ಲಿರೋ ಪ್ರೊಜೆಕ್ಟರ್‌ಗಳು ಹಾಗೇ ಉಳ್ಕೊಂಡ್ವು, ಇವತ್ತಿನ ಸಮಸ್ಯೆಗೆ ಅದೇ ಕಾರಣ.

ಟೈಪ್-ಸಿ ಇಂದ ತಗೋಬಹುದಾ ಅಂತ ಯಾರಾದ್ರೂ ಹೇಳಿದ್ರೆ ದುಡ್ಡು ಕೊಡೋಕೆ ಮುಂಚೆ ಆ ಪೋರ್ಟ್ ಪಕ್ಕ ಡಿ ಮತ್ತು ಪಿ ಸೇರಿದಂಗೆ ಒಂದು ಗುರುತು ಅಥವಾ ಮಿಂಚಿನ ಗುರುತು ಇದ್ಯಾ ನೋಡಿ. ಟೈಪ್-ಸಿ ಅಂದ್ರೆ ತೂತಿನ ಆಕಾರ ಮಾತ್ರ, ಅದ್ರೊಳಗೆ ಡಿಸ್‌ಪ್ಲೇಪೋರ್ಟ್ ಸಿಗ್ನಲ್ ಕೊಟ್ಟಿದ್ರೆ ಮಾತ್ರ ಚಿತ್ರ ಬರೋದು, ಕಡಿಮೆ ಬೆಲೆ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಬರೀ ಡೇಟಾಗೆ ಇಟ್ಟಿರ್ತಾರೆ. ಮೊಬೈಲೂ ಅಷ್ಟೇ, ಸಾಧಾರಣ ಬೆಲೆ ಫೋನ್‌ಗಳಲ್ಲಿ ಟೈಪ್-ಸಿ ಇಂದ ವಿಡಿಯೋ ಹೊರಗೆ ಬರಲ್ಲ. ಗುರುತಿಲ್ದೇನೂ ಕೆಲಸ ಮಾಡೋ ಮಾಡೆಲ್‌ಗಳಿವೆ, ಹಾಗಾಗಿ ಮಾಡೆಲ್ ನಂಬರ್ ಹಾಕಿ ಸ್ಪೆಸಿಫಿಕೇಷನ್ ಓದೋದೇ ಸರಿಯಾದ ದಾರಿ.

ಹೊಸದೇ_ತಗೊಳ್ಳಿ:

ಇಷ್ಟೆಲ್ಲಾ ತಲೆನೋವು ಯಾಕೆ, 43 ಇಂಚಿಂದು ಒಂದು ಸ್ಮಾರ್ಟ್ ಟಿವಿ ತಗೊಂಡು ಗೋಡೆಗೆ ಹಾಕ್ಬಿಡಿ. ವೈರೇ ಬೇಡ, ವಿಂಡೋಸ್ ಮತ್ತೆ ಕೆ ಒತ್ತಿದ್ರೆ ವೈಫೈನಲ್ಲೇ ಹೋಗುತ್ತೆ. ಹಳೇ ಪ್ರೊಜೆಕ್ಟರ್ ಲ್ಯಾಂಪ್ ಹೋದ್ರೆ ಮತ್ತೆ ಖರ್ಚು.

ಕರಾವಳಿ_ಸೌಂಡ್ಸ್_ಪುತ್ತೂರು:

ಲ್ಯಾಂಪ್ ವಿಷಯ ಸರಿ ಸರ್, ಒಪ್ತೇನೆ. ಆದ್ರೆ ಹಾಲಿನಲ್ಲಿ ನೂರು ಮಕ್ಕಳು ನೆಲದ ಮೇಲೆ ಕೂತು ನೋಡುವಾಗ 43 ಇಂಚು ಅಂದ್ರೆ ಹಿಂದಿನ ಸಾಲಿನವರಿಗೆ ಒಂದು ಕಿಟಕಿಯಷ್ಟೂ ಕಾಣುದಿಲ್ಲ, ಅಕ್ಷರ ಅಂತೂ ಓದ್ಲಿಕ್ಕೆ ಸಾಧ್ಯವೇ ಇಲ್ಲ. ಎಂಟು ಅಡಿ ಅಗಲದ ಪರದೆ ಇರುವಾಗ ಅದನ್ನು ಬಿಡುವುದು ಸರಿಯಲ್ಲ. ವೈಫೈನಲ್ಲಿ ಕಳಿಸುದು ಮನೆಗೆ ಅಡ್ಡಿಯಿಲ್ಲ, ಕಾರ್ಯಕ್ರಮಕ್ಕೆ ನಾನು ಒಂದು ದಿನವೂ ನಂಬಿದವನಲ್ಲ, ಮಾತಿಗೂ ತುಟಿಗೂ ತಾಳೆ ತಪ್ಪುತ್ತದೆ, ನಡುವಲ್ಲಿ ಕಡಿದು ಹೋದ್ರೆ ಇನ್ನೊಮ್ಮೆ ಹುಡುಕುತ್ತಾ ಕೂರಬೇಕು. ಇದು ಒಂದು ಸಣ್ಣ ವೈರಿನ ಖರ್ಚಿನಲ್ಲಿ ಮುಗಿಯುವ ಕೆಲಸ.

ಟಿವಿ_ರಿಪೇರಿ_ಧಾರವಾಡ:

ಮೇಡಂ ನಮಸ್ಕಾರ್ರೀ. ನಾ ಇಪ್ಪತ್ತೆರಡು ವರ್ಷದಿಂದ ಧಾರವಾಡದಾಗ ಟಿವಿ, ವಿಸಿಆರ್, ಡಿವಿಡಿ ರಿಪೇರಿ ಮಾಡ್ಕೋತ ಬಂದೀನ್ರಿ. ನಿಮ್ಮ ಡಿವಿಡಿ ಮಾತಿಗೆ ಬರ್ತೀನಿ.

ನೀವು ತಂದ ಆ ಮೂರು ಪಿನ್ನಿನಿಂದ ವಿಜಿಎಕ್ಕ ಹೋಗೋ ಕೇಬಲ್ ಐತಲ್ಲ, ಅದು ಹಳದಿ ಕೆಂಪು ಬಿಳಿಗೆ ಮಾಡಿದ್ದಲ್ರಿ. ಪ್ಲೇಯರ್ ಹಿಂದ ಹಸಿರು ನೀಲಿ ಕೆಂಪು ಅಂತ ಬ್ಯಾರೆ ಮೂರು ತೂತು ಇರ್ತಾವ, ಅದಕ್ಕ ಕಾಂಪೊನೆಂಟ್ ಅಂತಾರ, ಆ ಕೇಬಲ್ ಅದಕ್ಕ. ಅದೂ ಪ್ರೊಜೆಕ್ಟರ್ ತನ್ನ ವಿಜಿಎ ತೂತಿನಾಗ ಕಾಂಪೊನೆಂಟ್ ತಗೊಳ್ಳೋ ಹಂಗಿದ್ರ ಮಾತ್ರ ನಡೀತೈತಿ. ಭಾಳ ಮಂದಿ ಹಳದಿ ಪಿನ್ ಅದರಾಗ ತುರುಕಿ ಕೇಬಲ್ ಕೆಟ್ಟೈತಿ ಅಂತ ಒಗೀತಾರ. ಹಳದಿ ಒಂದ ತಂತಿಯೊಳಗ ಬೆಳಕು ಬಣ್ಣ ಎಲ್ಲಾ ಕಲಸಿ ಬರ್ತೈತ್ರಿ, ಅದನ್ನ ಬಿಡಿಸಾಕ ಒಳಗ ಸರ್ಕ್ಯೂಟ್ ಬೇಕ, ಬರೇ ತಂತಿಯಿಂದ ಆಗೂದಿಲ್ಲ.

ಹಂಗಾದ್ರ ಏನ್ ಮಾಡೂದು? ಪ್ರೊಜೆಕ್ಟರ್ ಹಿಂದ ಏಣಿ ಹಾಕಿ ಒಂದ್ಸಲ ನೋಡ್ರಿ. ಅಷ್ಟು ಹಳೇ ಪ್ರೊಜೆಕ್ಟರಿಗೆ ವಿಡಿಯೋ ಅಂತ ಬರೆದ ಒಂದು ಹಳದಿ ತೂತು ಹೆಚ್ಚೂ ಕಡಿಮಿ ಇದ್ದ ಇರ್ತೈತಿ. ಪ್ಲೇಯರಿನ ಹಳದಿ ತೂತಿನಿಂದ ಅಲ್ಲೀತನ ಒಂದು ಉದ್ದ ಆರ್‌ಸಿಎ ಕೇಬಲ್ (ಹಳದಿ ಪಿನ್ನಿನ ಥರದ್ದ) ಎಳೀರಿ, ರಿಮೋಟಿನಾಗ ಸೋರ್ಸ್ ಒತ್ತಿ ವಿಡಿಯೋ ಮಾಡ್ರಿ. ಕೆಂಪು ಬಿಳಿ ಎರಡೂ ಪ್ರೊಜೆಕ್ಟರಿಗೆ ಬ್ಯಾಡ, ಸೀದಾ ಆಂಪ್ಲಿಫೈಯರಿಗೆ ಕೊಡ್ರಿ.

ಚಿತ್ರ ಕಪ್ಪು ಬಿಳುಪು ಬಂದು ಮ್ಯಾಲ ಕೆಳಗ ಉರುಳಾಕತ್ತಿದ್ರ ಹೆದರಬ್ಯಾಡ್ರಿ, ಅದು ಪಾಲ್ ಮತ್ತ ಎನ್‌ಟಿಎಸ್‌ಸಿ ಅನ್ನೋ ಎರಡು ಥರದ ಟಿವಿ ಸಿಗ್ನಲ್ ಪದ್ಧತಿ ಗೊಂದಲ. ನಮ್ಮ ದೇಶದ್ದು ಪಾಲ್, ಸೆಕೆಂಡಿಗೆ 25 ಚಿತ್ರ. ಕೆಲವು ಪ್ಲೇಯರ್ ರಿಮೋಟಿನಾಗ ಪಿ ಗೀಟು ಎನ್ ಅಂತ ಬಟನ್ ಇರ್ತೈತಿ, ಅದನ್ನ ಒಂದೊಂದ ಸಲ ಒತ್ತಿ ನೋಡ್ರಿ. ಏನೂ ಬರದ ಕರ್ರಗ ಇದ್ರ ಪ್ಲೇಯರ್ ಸೆಟ್ಟಿಂಗಿನಾಗ ಯಾರೋ ಪ್ರೊಗ್ರೆಸಿವ್ ಅಂತ ಇಟ್ಟಿರ್ತಾರ, ಅದನ್ನ ತಗೀರಿ, ಹಳದಿಗೆ ಅದು ಒಗ್ಗೂದಿಲ್ಲ. ಸೆಟ್ಟಿಂಗ್ ಕಾಣಾಕ ಮನೀಯಾಗಿನ ಟಿವಿಗೆ ಒಂದ್ಸಲ ಹಚ್ಚಿದ್ರಾತು. ಹೊಸ ಟಿವಿ ಇದ್ರ ಮೂರು ಬಣ್ಣದ ತೂತು ಇರೂದಿಲ್ಲ, ಒಂದ ಸಣ್ಣ ಎವಿ ತೂತು ಇರ್ತೈತಿ, ಅದಕ್ಕ ಟಿವಿ ಜೋಡಿ ಬಂದ ವೈರೇ ಹಾಕಬೇಕು, ಯಾಕಂದ್ರ ಅರ್ಥ್ ತಂತಿ ಪಿನ್ನಿನ ಯಾವ ಪಟ್ಟೀಗೆ ಅನ್ನೂದು ಕಂಪನಿಗೊಂದ ಥರ. ಅಂಗಡ್ಯಾಗ ಸಿಗೋ ವೈರ್ ಹಾಕಿ ಗುಂಯ್ ಅಂತ ಸಪ್ಪಳ ಬಂದು ಚಿತ್ರ ಬರಲಿಲ್ಲಂದ್ರ ಹಳದಿ ಪಿನ್ ತಗದು ಕೆಂಪು ಪಿನ್ನಿನ ಜಾಗಾಕ್ಕ ಹಾಕಿ ನೋಡ್ರಿ, ಎಷ್ಟೋ ಸಲ ಬಂದ್ಬಿಡ್ತೈತಿ.

ಇನ್ನೊಂದು ಮಾತು ಮೇಡಂ, ಇದು ಮುಖ್ಯ. ಆ ಡಿಸ್ಕ್ 2009ರದ್ದು ಅಂದ್ರಿ, ಮನೀ ಕಂಪ್ಯೂಟರಿನಾಗ ಬರ್ನ್ ಮಾಡಿದ್ದಿದ್ರ ಅದರಾಗಿನ ಬಣ್ಣದ ಪದರ ಬಿಸಲಿಗೆ ತ್ಯಾವಕ್ಕ ಸವದಿರ್ತೈತಿ. ನಿಮ್ಮ ಕಡೆ ಮಳೀ ಹೆಂಗ ಅಂತ ನನಗ ಗೊತ್ತೈತಿ. ಮೊದಲ ಒಂದು ಯುಎಸ್‌ಬಿ ಡಿವಿಡಿ ಡ್ರೈವ್ ಯಾರ ಹತ್ರ ಆದ್ರೂ ಕೇಳಿ ತಂದು ಪೂರ್ತಿ ಲ್ಯಾಪ್‌ಟಾಪಿಗೆ ಕಾಪಿ ಮಾಡ್ರಿ. ಹೊಸ ವಿಂಡೋಸಿನಾಗ ಡಿವಿಡಿ ತಾನಾಗಿ ನಡೆಯೂದಿಲ್ಲ, ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್ ಸಾಫ್ಟ್‌ವೇರ್ ಹಾಕ್ರಿ, ಪುಕ್ಕಟ ಐತಿ. ಲ್ಯಾಪ್‌ಟಾಪಿಗೆ ಬಂದ್ರ ಪ್ಲೇಯರ್, ಹಳದಿ ವೈರ್ ಯಾವ ಜಂಜಾಟಾನೂ ಇಲ್ಲ.

ವಿಜ್ಞಾನ_ಟೀಚರ್_ಹೊಸನಗರ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಡಬ್ಬಿ ವಾಪಸ್ ಕೊಟ್ಟು ಎಚ್‌ಡಿಎಂಐ ಟು ವಿಜಿಎ ತಂದೆ, ಆಡಿಯೋ ತೂತು ಇರೋದೇ. ಹಾಕಿದ ತಕ್ಷಣ ಪರದೆ ಮೇಲೆ ಬೆಳಕು ಬಂತು, ಮಕ್ಕಳೆಲ್ಲಾ ಚಪ್ಪಾಳೆ ತಟ್ಟಿದ್ರು. ಆದ್ರೆ ಮೂರು ತೊಂದ್ರೆ ಇದೆ. ಚಿತ್ರ ಎಲ್ಲಾ ಹಳದಿ ಹಳದಿ, ಬಿಳಿ ಗೋಡೆನೂ ಅರಿಶಿನ ಬಳಿದ ಹಾಗೆ ಕಾಣುತ್ತೆ. ಅಕ್ಷರ ದಪ್ಪ ದಪ್ಪ, ಸೆಟ್ಟಿಂಗಲ್ಲಿ 640×480 ಅಂತ ತೋರಿಸ್ತಿದೆ. ಲ್ಯಾಪ್‌ಟಾಪ್ ಸ್ಪೀಕರ್ ಕೂಡ ಸುಮ್ಮನಾಗಿದೆ, ಏನೂ ಕೇಳ್ತಿಲ್ಲ. ಹೃದಯ ಬಡಿಯೋ ವಿಡಿಯೋ ಹಾಕಿದ್ದೆ, ರಕ್ತದ ಕೆಂಪು ಸರಿ ಕಾಣುತ್ತೆ, ಆದ್ರೆ ಅಶುದ್ಧ ರಕ್ತ ತೋರಿಸೋ ನೀಲಿ ಬಣ್ಣ ಕಪ್ಪಾಗಿ ಹೋಗಿದೆ. ಪಾಠಕ್ಕೆ ಅದೇ ಮುಖ್ಯ.

ಕರಾವಳಿ_ಸೌಂಡ್ಸ್_ಪುತ್ತೂರು:

ಮೇಡಂ ನೀವು ಕಾರಣವನ್ನೇ ಹೇಳಿಬಿಟ್ರಿ. ನೀಲಿ ಹೋಗಿ ಕೆಂಪು ಹಸಿರು ಮಾತ್ರ ಉಳಿದರೆ ಬಿಳಿಯೆಲ್ಲ ಹಳದಿ ಆಗ್ತದೆ, ಬೆಳಕಿನ ಪಾಠದಲ್ಲಿ ನೀವೇ ಮಕ್ಕಳಿಗೆ ಹೇಳುವುದು ಅದನ್ನೇ. ವಿಜಿಎ ಪಿನ್ನಿನಲ್ಲಿ ಮೂರು ಸಾಲು, ಸಾಲಿಗೆ ಐದು, ಮೇಲಿನ ಸಾಲಿನ ಒಂದನೇದು ಕೆಂಪು, ಎರಡನೇದು ಹಸಿರು, ಮೂರನೇದು ನೀಲಿ. ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ, ನಡುವಿನ ಪಿನ್ ಬಗ್ಗಿರಬೇಕು, ಒತ್ತಿ ಒತ್ತಿ ಹಾಕಿ ಒಳಗೆ ಮಡಚಿ ಹೋಗಿರ್ತದೆ. ಎಲ್ಲಾ ಸ್ವಿಚ್ ಆಫ್ ಮಾಡಿ ಹುಬ್ಬು ಕೀಳುವ ಚಿಮಟದಲ್ಲಿ ನಿಧಾನಕ್ಕೆ ನೆಟ್ಟಗೆ ಮಾಡಿ, ಒಂದೇ ಸಲ ಎಳೆಯಬೇಡಿ, ಮುರಿದರೆ ಮತ್ತೆ ಪ್ಲಗ್ಗೇ ಬೇರೆ ಹಾಕಬೇಕಾಗ್ತದೆ.

ಪಿನ್ ಎಣಿಸುವಾಗ ನಡು ಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ರೆ ಗಾಬರಿ ಬೇಡ, ಅದು ಒಂಬತ್ತನೇದು, ಎಷ್ಟೋ ಕೇಬಲಿಗೆ ಇರುವುದೇ ಇಲ್ಲ. ಆದ್ರೆ ಕೆಳಗಿನ ಸಾಲಿನ ಹನ್ನೆರಡು ಹದಿನೈದು ನೋಡಿ. ಆ ಎರಡರಲ್ಲಿ ಪ್ರೊಜೆಕ್ಟರ್ ತನ್ನ ಅಳತೆ ಎಷ್ಟು ಅಂತ ಕಂಪ್ಯೂಟರಿಗೆ ಹೇಳುವುದು, ಅದಕ್ಕೆ ಇಡಿಐಡಿ ಅಂತಾರೆ. ಅಗ್ಗದ ಉದ್ದ ಕೇಬಲುಗಳಲ್ಲಿ ದುಡ್ಡು ಉಳಿಸ್ಲಿಕ್ಕೆ ಆ ತಂತಿಯನ್ನೇ ಹಾಕಿರುದಿಲ್ಲ. ಆಗ ಲ್ಯಾಪ್‌ಟಾಪಿಗೆ ಎದುರಿಗೆ ಯಾರಿದ್ದಾರೆ ಅಂತ ಗೊತ್ತಾಗದೆ ತೀರಾ ಸಣ್ಣ ಅಳತೆ ಕೊಡ್ತದೆ. ನಿಮ್ಮ 640×480 ಬಂದದ್ದು ಹಾಗೇ ಇರಬೇಕು.

ಕೋಡ್‌ಮನೆ_ಬೆಂಗಳೂರು:

ಅದಕ್ಕೆ ಕೈಯಾರೆ ಅಳತೆ ಕೊಡ್ಬಹುದು ಮೇಡಂ. ಡಿಸ್‌ಪ್ಲೇ ಸೆಟ್ಟಿಂಗಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ, ಮೇಲೆ ಎರಡನೇ ಸ್ಕ್ರೀನ್ ಆರಿಸ್ಕೊಳ್ಳಿ, ಅಲ್ಲಿಂದ ಡಿಸ್‌ಪ್ಲೇ ಅಡಾಪ್ಟರ್ ಪ್ರಾಪರ್ಟೀಸ್, ಅದ್ರೊಳಗೆ ಲಿಸ್ಟ್ ಆಲ್ ಮೋಡ್ಸ್ ಅಂತ ಬಟನ್ ಇದೆ, 1024×768 60 ಹರ್ಟ್ಸ್ ಆರಿಸಿ. ಆ ಕಾಲದ ಶಾಲೆ ಪ್ರೊಜೆಕ್ಟರ್‌ಗಳಲ್ಲಿ ತುಂಬಾನೇ ಸಾಮಾನ್ಯ ಅಳತೆ ಅದು, ನಿಮ್ಮದರ ಕೆಳಗಿರೋ ಸ್ಟಿಕ್ಕರ್ ಅಥವಾ ಪುಸ್ತಕದಲ್ಲಿ ಎಕ್ಸ್‌ಜಿಎ ಅಂತ ಇದ್ರೆ ಅದೇ. ಮತ್ತೆ ಡೂಪ್ಲಿಕೇಟಲ್ಲಿ ಬೇಡ, ಸೆಕೆಂಡ್ ಸ್ಕ್ರೀನ್ ಓನ್ಲಿ ಮಾಡಿ, ಡೂಪ್ಲಿಕೇಟಲ್ಲಿ ಲ್ಯಾಪ್‌ಟಾಪಿನ ಅಗಲ ಸ್ಕ್ರೀನು ಪ್ರೊಜೆಕ್ಟರಿನ ಚೌಕ ಸ್ಕ್ರೀನು ಎರಡಕ್ಕೂ ಒಂದೇ ಅಳತೆ ಹುಡುಕೋಕೆ ಹೋಗಿ ಎರಡೂ ಕೆಡುತ್ತೆ.

ಸೌಂಡ್ ಯಾಕಿಲ್ಲ ಅಂದ್ರೆ ಎಚ್‌ಡಿಎಂಐ ಹಾಕಿದ ತಕ್ಷಣ ವಿಂಡೋಸ್ ಶಬ್ದಾನೂ ಅದರೊಳಗೇ ಕಳಿಸೋಕೆ ಶುರು ಮಾಡುತ್ತೆ. ಈಗ ಅದು ಆ ಕನ್ವರ್ಟರ್‌ನ 3.5 ತೂತಲ್ಲಿ ಬರ್ತಿರುತ್ತೆ, ಅಲ್ಲಿಂದ ಆಂಪ್ಲಿಫೈಯರಿಗೆ ವೈರ್ ಕೊಡಿ. ಬೇಡ ಅಂದ್ರೆ ಟಾಸ್ಕ್‌ಬಾರಿನ ಸ್ಪೀಕರ್ ಗುರುತು ಒತ್ತಿ ಲ್ಯಾಪ್‌ಟಾಪ್ ಸ್ಪೀಕರನ್ನ ಆರಿಸಿ.

ಕರಾವಳಿ_ಸೌಂಡ್ಸ್_ಪುತ್ತೂರು:

ಆಂಪ್ಲಿಫೈಯರಿಗೆ ಕೊಡುವಾಗ ಆಕ್ಸ್ ಅಂತ ಬರೆದ ತೂತಿಗೇ ಕೊಡಿ, ಮೈಕಿನ ತೂತಿಗೆ ಖಂಡಿತ ಬೇಡ, ಮೈಕಿಗೆ ಬರುವುದು ತೀರಾ ಸಣ್ಣ ಸಿಗ್ನಲ್, ಅದರಲ್ಲಿ ಲ್ಯಾಪ್‌ಟಾಪಿನದ್ದು ಹಾಕಿದ್ರೆ ಒಡೆದು ಕರಕರ ಕೇಳ್ತದೆ, ಚಂಡೆ ಮದ್ದಳೆ ಶಬ್ದ ಅಂತೂ ಕೇಳ್ಲಿಕ್ಕೇ ಆಗುದಿಲ್ಲ. ಶಾಲೆ ಪ್ರಾರ್ಥನೆಯ ಆಂಪ್ಲಿಫೈಯರಿಗೆ ದಪ್ಪ ಪಿನ್ ಇದ್ದರೆ 3.5ರಿಂದ ಪಿ38 ಮಾಡುವ ಕನೆಕ್ಟರ್ ಯಾವ ಸೌಂಡ್ ಅಂಗಡಿಯಲ್ಲಿಯೂ ಸಿಗ್ತದೆ.

ಟಿವಿ_ರಿಪೇರಿ_ಧಾರವಾಡ:

ಆಂಪ್ಲಿಫೈಯರ್ ಹಚ್ಚಿದ ಮ್ಯಾಲ ಗುಂಯ್ ಅಂತ ಸಪ್ಪಳ, ಪರದೆ ಮ್ಯಾಲ ಅಡ್ಡ ಪಟ್ಟಿ ನಿಧಾನಕ್ಕ ಏರಾಕತ್ತಿದ್ರ ಅದು ಅರ್ಥಿಂಗ್ ತೊಂದ್ರೀ ಮೇಡಂ. ಪ್ರೊಜೆಕ್ಟರ್ ಒಂದು ಪ್ಲಗ್, ಲ್ಯಾಪ್‌ಟಾಪ್ ಚಾರ್ಜರ್ ಹಾಲಿನ ಆ ತುದಿ, ಆಂಪ್ಲಿಫೈಯರ್ ಮತ್ತೊಂದು ರೂಮಿನಾಗ ಇದ್ರ ಹಂಗಾಗತೈತಿ. ಆದಷ್ಟು ಮಟ್ಟಿಗೆ ಮೂರೂ ಒಂದ ಬೋರ್ಡಿನಾಗ ಹಾಕ್ರಿ. ಚಾರ್ಜರ್ ತಗದು ನೋಡ್ರಿ, ಸಪ್ಪಳ ನಿಂತ್ರ ಅದ ಕಾರಣ. ಮೂರನೇ ಪಿನ್ ಕತ್ತರಿಸಿ ಹಾಕೋ ಕೆಲಸ ಮಾತ್ರ ಯಾರು ಹೇಳಿದ್ರೂ ಮಾಡಬ್ಯಾಡ್ರಿ, ಮಕ್ಕಳು ಮುಟ್ಟೋ ಜಾಗ ಅದು.

ಸಿಡಿಲಿನ ಕಾಲದಾಗ ಪವರ್ ಪ್ಲಗ್ ತಗದ್ರ ಸಾಲೂದಿಲ್ರಿ. ಏಪ್ರಿಲ್ ಮೇದಾಗ ನನ್ನ ಅಂಗಡಿಗೆ ಬರೋ ಟಿವಿಯೊಳಗ ಪವರ್ ಸಪ್ಲೈ ಚಲೋ ಇರ್ತೈತಿ, ಎಚ್‌ಡಿಎಂಐ ಪೋರ್ಟ್ ಮಾತ್ರ ಸುಟ್ಟಿರ್ತೈತಿ, ಯಾಕಂದ್ರ ಛತ್ತಿನ ಮ್ಯಾಲಿನ ಡಿಶ್ ವೈರಿನಿಂದ ಸೆಟ್‌ಟಾಪ್ ಬಾಕ್ಸಿಗೆ ಬಂದು ಅಲ್ಲಿಂದ ಎಚ್‌ಡಿಎಂಐ ಹಿಡದು ಟಿವಿಗೆ ಇಳೀತೈತಿ. ಗುಡುಗು ಸುರು ಆದ್ರ ಡಿಶ್ ವೈರ್, ಎಚ್‌ಡಿಎಂಐ ಎರಡೂ ಕಿತ್ತು ಇಡ್ರಿ.

ಮಲೆನಾಡ_ಹುಡುಗ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ, ನಂದೂ ಒಂದು ಇದೆ. ಹೊಸ 4ಕೆ ಟಿವಿಗೆ ಲ್ಯಾಪ್‌ಟಾಪ್ ಹಾಕಿದ್ರೆ ಮೌಸ್ ತಡೆದು ತಡೆದು ಓಡುತ್ತೆ, ಮತ್ತೆ ನಾಲ್ಕೂ ಅಂಚು ಕತ್ತರಿಸಿದ ಹಾಗೆ, ಕೆಳಗಿನ ಟಾಸ್ಕ್‌ಬಾರೇ ಕಾಣಲ್ಲ.

ಕೋಡ್‌ಮನೆ_ಬೆಂಗಳೂರು:

ಹಳೇ ಎಚ್‌ಡಿಎಂಐ 1.4 ಆದ್ರೆ 4ಕೆಯಲ್ಲಿ 30 ಹರ್ಟ್ಸ್ ಅಷ್ಟೇ, 60 ಬೇಕಂದ್ರೆ ಲ್ಯಾಪ್‌ಟಾಪು ಕೇಬಲು ಟಿವಿ ಮೂರೂ 2.0 ಇರ್ಬೇಕು. ಸದ್ಯಕ್ಕೆ 1080ಕ್ಕೆ ಇಳಿಸಿ 60 ಇಡಿ. ಅಂಚು ಹೋಗೋದು ಟಿವಿಯ ಓವರ್‌ಸ್ಕ್ಯಾನ್, ಟಿವಿ ಪಿಕ್ಚರ್ ಸೈಜಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಫಿಟ್ ಟು ಸ್ಕ್ರೀನ್ ಥರದ್ದು ಇರುತ್ತೆ, ಅದು ಮಾಡಿ.

ವಿಜ್ಞಾನ_ಟೀಚರ್_ಹೊಸನಗರ:

ಮೂರನೇ ಪಿನ್ ಬಗ್ಗಿದ್ದೇ ನಿಜ! ನಮ್ಮ ಡ್ರಾಯಿಂಗ್ ಮೇಷ್ಟ್ರು ಲೆನ್ಸ್ ಹಿಡ್ಕೊಂಡು ಕೂತು ಹತ್ತು ನಿಮಿಷದಲ್ಲಿ ನೆಟ್ಟಗೆ ಮಾಡಿದ್ರು, ನೀಲಿ ಬಂತು. ಕೆಳಗಿನ ಸಾಲಲ್ಲಿ ಹನ್ನೆರಡು ಹದಿನೈದು ಎರಡೂ ಇಲ್ವೇ ಇಲ್ಲ, ಹಾಗಾಗಿ ಕೈಯಾರೆ 1024×768 ಕೊಟ್ಟೆ, ಈಗ ಹಿಂದಿನ ಬೆಂಚಿನ ಮಕ್ಕಳೂ ಅಕ್ಷರ ಓದ್ತಾರೆ. ಎರಡು ಮೂರು ಸಲ ಆಫ್ ಆನ್ ಮಾಡಿ ನೋಡಿದೆ, ಅದನ್ನೇ ನೆನಪಿಟ್ಕೊಳ್ಳುತ್ತೆ.

ಡಿವಿಡಿ ಧಾರವಾಡದ ಅಣ್ಣ ಹೇಳಿದ ಹಾಗೆ ಪಕ್ಕದ ಊರಿನ ಫೋಟೋ ಸ್ಟುಡಿಯೋದವರ ಹತ್ರ ಡ್ರೈವ್ ತಂದು ಕಾಪಿ ಮಾಡಿದೆ. ಒಂದು ಗಂಟೆ 48 ನಿಮಿಷ ಇದೆ, ಅದ್ರಲ್ಲಿ ಕೊನೆಯ ಆರು ನಿಮಿಷ ಓದ್ಲಿಲ್ಲ, ಡ್ರೈವ್ ಕಿರ್ ಕಿರ್ ಅಂತ ನಿಂತುಬಿಡುತ್ತೆ. ಉಳಿದದ್ದು ಪೂರ್ತಿ ಬಂದಿದೆ. ಸೌಂಡ್ ಕನ್ವರ್ಟರಿಂದ ಆಕ್ಸಿಗೆ ಕೊಟ್ಟಿದೀನಿ, ಚಂಡೆ ಹಾಲ್ ತುಂಬಾ ಕೇಳುತ್ತೆ.

ಒಂದೇ ಒಂದು ಕೇಳೋದು ಬಾಕಿ, ಆ ಆರು ನಿಮಿಷದಲ್ಲೇ ನಮ್ಮ 8ನೇ ಕ್ಲಾಸಿನ ಒಬ್ಬ ಹುಡುಗನ ಅಜ್ಜ ಮತ್ತೆ ರಂಗಕ್ಕೆ ಬರೋದು. ಅದನ್ನ ತೆಗೆಯೋಕೆ ಏನಾದ್ರೂ ದಾರಿ ಇದ್ಯಾ?

ಟಿವಿ_ರಿಪೇರಿ_ಧಾರವಾಡ:

ಮೇಡಂ, ಡಿಸ್ಕಿನ ಕೊನೀ ಭಾಗ ಅಂದ್ರ ಹೊರಗಿನ ಅಂಚು, ಬೆರಳು ಹತ್ತೋ ಜಾಗ ಅದ. ಸಣ್ಣ ಸೋಪಿನ ನೀರಾಗ ತೊಳದು, ಮೆತ್ತನ ಹತ್ತಿ ಬಟ್ಟೀಲೆ ನಡುವಿನಿಂದ ಹೊರಗ ಒರಸ್ರಿ, ಸುತ್ತ ತಿರುಗಿಸಿ ಒರಸಬ್ಯಾಡ್ರಿ. ಆಮ್ಯಾಲ ಬ್ಯಾರೆ ಡ್ರೈವಿನಾಗ ಹಾಕ್ರಿ, ಒಂದು ಓದಲಾರದ್ದನ್ನ ಇನ್ನೊಂದು ಓದಿದ್ದು ನಾ ಭಾಳ ಸಲ ನೋಡೀನಿ. ನಿಮ್ಮ ಆ ಹಳೇ ಡಿವಿಡಿ ಪ್ಲೇಯರ್ ಅದನ್ನ ಓದ್ತೈತೇನು ಮೊದಲ ನೋಡ್ರಿ, ಅದು ಕೆಟ್ಟ ಜಾಗ ಬಂದ್ರ ಲ್ಯಾಪ್‌ಟಾಪಿನ ಹಂಗ ನಿಲ್ಲೂದಿಲ್ಲ, ಹಾರಿಸಿಕೋತ ಮುಂದ ಹೋಗತೈತಿ. ಓದಿದ್ರ ಹಳದಿ ತಂತಿಗೆ ಯುಎಸ್‌ಬಿ ಕ್ಯಾಪ್ಚರ್ (ವಿಡಿಯೋನ ಕಂಪ್ಯೂಟರಿಗೆ ತಗೊಳ್ಳೋ ಸಣ್ಣ ಡಬ್ಬಿ) ಹಚ್ಚಿ ಆ ಆರು ನಿಮಿಷ ರೆಕಾರ್ಡ್ ಮಾಡ್ಕೋಬಹುದು, ನನ್ನ ಹತ್ರ ಒಂದು ಐತಿ, ಸ್ಟುಡಿಯೋದವರ ಹತ್ರಾನೂ ಇರ್ತೈತಿ ಕೇಳ್ರಿ.

ವಿಜ್ಞಾನ_ಟೀಚರ್_ಹೊಸನಗರ:

ತೊಳೆದು ಹಳೇ ಪ್ಲೇಯರಿಗೆ ಹಾಕ್ದೆ ಸರ್, ಮನೆ ಟಿವಿಲಿ ನೋಡ್ದೆ. ನಡುವೆ ಎರಡು ಕಡೆ ಚಿತ್ರ ಚೌಕ ಚೌಕ ಆಗಿ ನಿಂತು ಮುಂದೆ ಹೋಯ್ತು, ಆದ್ರೆ ಕೊನೇ ತನಕ ಓಡ್ತು. ನಾಳೆ ಸ್ಟುಡಿಯೋಗೆ ಪ್ಲೇಯರ್, ಡಿಸ್ಕ್ ಎರಡೂ ತಗೊಂಡು ಹೋಗ್ತೀನಿ.